ಚಿಕ್ಕಬಳ್ಳಾಪುರದ ಕೆಮ್ಮಣ್ಣಲ್ಲಿ ಸೇಬು: ಇಪ್ಪತ್ತೊಂದು ಗಿಡಗಳ ಲೆಕ್ಕಪುಸ್ತಕ

ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದು 1884ರ ಜನವರಿ 13ರಂದು. ಮಾಗಿಯಲ್ಲಿ ಮಲಗಿದ ಮೊಗ್ಗು ಮತ್ತೆ ಸರಿಯಾಗಿ ಒಡೆಯೋದಕ್ಕೆ ಸೇಬಿಗೆ ಚಳಿ ಬೇಕು. ಆ ಚಳಿಯನ್ನು ಅಳೆಯುವ ಹಳೆಯ ಲೆಕ್ಕದಲ್ಲಿ 0ಯಿಂದ 7.2 ಡಿಗ್ರಿಯ ನಡುವೆ ಎಷ್ಟು ಗಂಟೆ ಕಳೆಯಿತು ಅಂತ ಎಣಿಸುತ್ತಾರೆ. ರೆಡ್ ಡೆಲಿಷಿಯಸ್‌ನಂಥ ತಳಿಗೆ ಸಾವಿರ ಗಂಟೆಯ ಆಸುಪಾಸು ಬೇಕು. ಆ ಲೆಕ್ಕದಲ್ಲಿ ಬೆಂಗಳೂರಿನ ಚಳಿ 140 ವರ್ಷದಿಂದಲೂ ಸೊನ್ನೆಯೇ.

ನಮ್ಮ ಜಮೀನು ಚಿಕ್ಕಬಳ್ಳಾಪುರದ ಹತ್ತಿರ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೆಳಿಗ್ಗೆ ಎದ್ದರೆ ನಂದಿ ಬೆಟ್ಟ ಕಣ್ಣೆದುರಿಗೇ. ಮಾಗಿಯಲ್ಲಿ ಬೆಂಗಳೂರಿಗಿಂತ ಒಂದೆರಡು ಡಿಗ್ರಿ ತಣ್ಣಗಿರುತ್ತದೆ, ಅಷ್ಟೇ. ಇಲ್ಲಿ ಐದು ವರ್ಷದಿಂದ ನಾಲ್ಕು ತಳಿಯ ಸೇಬು ನೆಟ್ಟು ನೋಡುತ್ತಿದ್ದೇನೆ. ಮಾರುವುದಕ್ಕೆ ಅಲ್ಲ. ಯಾವ ತಳಿ ನಮ್ಮ ಹವೆಗೆ ಒಗ್ಗುತ್ತದೆ, ಯಾವುದು ಒಗ್ಗಲ್ಲ ಅಂತ ಸರಿಯಾಗಿ ತಿಳಿಯಬೇಕಿತ್ತು. 'ನಮ್ಮಲ್ಲೂ ಸೇಬು ಬಿಟ್ಟಿದೆ' ಅಂತ ಒಂದು ಕೊಂಬೆಯ ಫೋಟೊ ನೋಡಿ ಎರಡು ಎಕರೆ ನೆಟ್ಟವರನ್ನು ನಾನು ಕಂಡಿದ್ದೇನೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಜಾಗ ನಮ್ಮ ಹಳೆಯ ದಿಲ್‌ಖುಷ್ ದ್ರಾಕ್ಷಿ ಚಪ್ಪರದ್ದು. ಬಳ್ಳಿ ವಯಸ್ಸಾಗಿ ತೆಗೆಸಿದೆವು. ಕಲ್ಲುಕಂಬಗಳನ್ನು ಹಾಗೇ ಬಿಟ್ಟೆವು, ಅವು ಮುಂದೆ ಕೆಲಸಕ್ಕೆ ಬಂದವು. ಸೇಬಿನ ಬಗ್ಗೆ ನನಗೆ ಸ್ವಲ್ಪ ಧೈರ್ಯ ಬಂದಿದ್ದೇ ದ್ರಾಕ್ಷಿಯಿಂದ. ದ್ರಾಕ್ಷಿಯೂ ಚಳಿ ನಾಡಿನ ಬಳ್ಳಿಯೇ. ಅಲ್ಲಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಇಲ್ಲಿ ಅದು ತಾನಾಗಿ ಮಲಗಲ್ಲ. ನೀರು ನಿಲ್ಲಿಸಿ, ಕಟಿಂಗ್ ಮಾಡಿ ನಾವೇ ಎಬ್ಬಿಸುತ್ತೇವೆ. ಸೇಬಿಗೂ ಹಾಗೇ ಮಾಡಿದರೆ? ಇಂಡೊನೇಷ್ಯಾದ ಜಾವಾ ದ್ವೀಪದ ಬಾತು ಎಂಬ ಊರಲ್ಲಿ ಇದನ್ನೇ ಮಾಡುತ್ತಾರೆ. ಅಲ್ಲಿ ಚಳಿಗಾಲವೇ ಇಲ್ಲ. ಕೊಯ್ಲಾದ ಮೇಲೆ ಕೈಯಿಂದ ಎಲೆ ಕಿತ್ತು ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಬೆಂಗಳೂರಿನ ಸುತ್ತಮುತ್ತ ಕೂಡ ಹಿಂದೆ ರೋಮ್ ಬ್ಯೂಟಿ ಸೇಬು ಬೆಳೆಯುತ್ತಿದ್ದರು. ಹಾಗಾಗಿ ಸೇಬು ಈ ಮಣ್ಣಿಗೆ ಪೂರ್ತಿ ಹೊಸದೇನಲ್ಲ.

ಆರಿಸಿಕೊಂಡ ತಳಿಗಳು ಇವು. ಅನ್ನಾ: ಇಸ್ರೇಲಿನ ಐನ್ ಶೆಮರ್ ಕಿಬ್ಬುಟ್ಸ್‌ನಲ್ಲಿ ಅಬ್ಬಾ ಸ್ಟೈನ್ ಎಂಬುವರು ಬಿಸಿ ಸೀಮೆಗಾಗಿಯೇ ಅಭಿವೃದ್ಧಿ ಮಾಡಿದ್ದು. ಡಾರ್ಸೆಟ್ ಗೋಲ್ಡನ್: ಬಹಾಮಾಸ್ ದ್ವೀಪದಲ್ಲಿ ಸಿಕ್ಕಿದ್ದು. ಎಚ್‌ಆರ್‌ಎಂಎನ್-99: ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ಪನಿಯಾಲ ಗ್ರಾಮದ ರೈತ ಹರಿಮನ್ ಶರ್ಮಾ ಅವರದ್ದು. ತಿಂದು ಹಿತ್ತಲಿಗೆ ಎಸೆದ ಸೇಬಿನ ಬೀಜ ಮೊಳೆತು ಗಿಡವಾಗಿತ್ತು. ಅಂಥ ಬಿಸಿಲೂರಲ್ಲಿ ಅದು ಹಣ್ಣು ಬಿಟ್ಟಾಗ ಅವರು ಅದನ್ನು ಬಿಡದೆ ಕಸಿ ಮಾಡಿ ಉಳಿಸಿಕೊಂಡರು. ನ್ಯಾಷನಲ್ ಇನೋವೇಶನ್ ಫೌಂಡೇಶನ್ ಅದನ್ನು ಬೇರೆ ಬೇರೆ ರಾಜ್ಯಗಳಲ್ಲಿ ನೆಡಿಸಿ ನೋಡಿತು. 2025ರಲ್ಲಿ ಶರ್ಮಾ ಅವರಿಗೆ ಪದ್ಮಶ್ರೀ ಬಂತು. ಒಬ್ಬ ರೈತನ ಹಿತ್ತಲಿನ ಗಿಡಕ್ಕೆ ಇಷ್ಟು ಗೌರವ ಸಿಕ್ಕಿದ್ದು ನನಗೆ ನಿಜವಾಗಿ ಖುಷಿ ಕೊಟ್ಟಿತು. ಈ ಮೂರು ತಳಿ ಆರಾರು ಗಿಡ. ಜೊತೆಗೆ ಮೂರು ರೆಡ್ ಡೆಲಿಷಿಯಸ್. ಅದು ಇಲ್ಲಿ ಆಗಲ್ಲ ಅಂತ ಗೊತ್ತಿತ್ತು. ಆದರೆ 'ಆಗಲ್ಲ' ಅನ್ನೋದು ಗಿಡದ ಮೇಲೆ ಹೇಗೆ ಕಾಣುತ್ತದೆ ಅಂತ ಗೊತ್ತಿರಬೇಕು, ಅಲ್ವಾ? ಹೋಲಿಕೆಗೆ ಅದು ಬೇಕಿತ್ತು.

2021 ಜನವರಿ

ಗಿಡಗಳು ಹಿಮಾಚಲದಿಂದ ಲಾರಿಯಲ್ಲಿ ಬಂದವು. ಮಣ್ಣಿಲ್ಲದ ಬರಿ ಬೇರು, ಒದ್ದೆ ಗೋಣಿಯಲ್ಲಿ ಸುತ್ತಿದ್ದರು. ನೋಡೋದಕ್ಕೆ ಒಣ ಬೆತ್ತದ ಹಾಗೆ. ಒಂದು ರಾತ್ರಿ ಬೇರನ್ನು ನೀರಲ್ಲಿ ಇಟ್ಟು ಬೆಳಿಗ್ಗೆ ನೆಟ್ಟೆವು. ಎರಡೂವರೆ ಅಡಿ ಗುಣಿ, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಮೇಲ್ಮಣ್ಣು. ಕಸಿ ಗಂಟು ನೆಲದಿಂದ ಒಂದು ಗೇಣು ಮೇಲೆ. ಇದು ಬಹಳ ಮುಖ್ಯ. ಗಂಟು ಮಣ್ಣೊಳಗೆ ಹೋದರೆ ಮೇಲಿನ ತಳಿ ತಾನೇ ಬೇರು ಬಿಟ್ಟುಕೊಳ್ಳುತ್ತದೆ, ಬೇರುಸಸಿ, ಅಂದರೆ ಕಸಿಗೆ ಬೇರು ಕೊಡುವ ಕೆಳಗಿನ ಗಿಡ, ಇದ್ದೂ ಇಲ್ಲದ ಹಾಗೆ ಆಗುತ್ತದೆ.

ಯಾವ ಗಿಡ ಎಲ್ಲಿ ಅನ್ನೋದನ್ನು ಚೀಟಿ ಎತ್ತಿ ನಿರ್ಧಾರ ಮಾಡಿದೆ. ಅಪ್ಪನಿಗೆ ಇದು ವಿಚಿತ್ರ ಅನ್ನಿಸಿತು. "ಒಂದೊಂದು ಸಾಲಿಗೆ ಒಂದೊಂದು ತಳಿ ಹಾಕು, ನೋಡೋಕೆ ಸುಲಭ" ಅಂದರು. ನಮ್ಮ ಜಾಗ ಸ್ವಲ್ಪ ಇಳಿಜಾರು, ಕೆಳಗಿನ ಸಾಲಲ್ಲಿ ನೀರು ನಿಲ್ಲುತ್ತದೆ. ಒಂದೇ ತಳಿಯನ್ನು ಅಲ್ಲಿ ನೆಟ್ಟು ಅದು ಸೊರಗಿದರೆ ತಳಿಯದ್ದೇ ತಪ್ಪು ಅಂದುಕೊಂಡು ಬಿಡುತ್ತೇವೆ. ಹಾಗಾಗಿ ಎಲ್ಲ ಬೆರೆಸಿ ನೆಟ್ಟೆ. ಪ್ರತಿ ಗಿಡಕ್ಕೂ ಅಲ್ಯೂಮಿನಿಯಂ ಚೀಟಿ, ನಂಬರ್.

ಹತ್ತು ತಿಂಗಳಲ್ಲಿ ಇದರ ಬೆಲೆ ತಿಳಿಯಿತು. 2021ರ ನವೆಂಬರ್ ಮಳೆ ನಮ್ಮ ಕಡೆಯವರು ಯಾರೂ ಮರೆತಿಲ್ಲ. ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳು ಕೋಡಿ ಹರಿದವು. ಕೆಳಗಿನ ಸಾಲಲ್ಲಿ ವಾರಗಟ್ಟಲೆ ನೀರು ನಿಂತಿತು. ಡಿಸೆಂಬರಿಗೆ ಅಲ್ಲಿನ ಮೂರು ಗಿಡಗಳ ಬುಡ ಕೊಳೆತು ಸತ್ತವು. ಒಂದು ಅನ್ನಾ, ಎರಡು ಎಚ್‌ಆರ್‌ಎಂಎನ್. ಬುಡದ ತೊಗಟೆ ಉಗುರಿಂದ ಕೆರೆದರೆ ಹಸಿರಿರಲಿಲ್ಲ, ಕಾಫಿ ಬಣ್ಣದ ಲೋಳೆ. ಮೇಲಿನ ಸಾಲುಗಳಲ್ಲಿ ಅದೇ ತಳಿಗಳು ಚೆನ್ನಾಗಿದ್ದವು. ಹಾಗಾಗಿ ನೋಟ್‌ಬುಕ್ಕಿನಲ್ಲಿ 'ನೀರು' ಅಂತ ಬರೆದೆ, 'ತಳಿ' ಅಂತ ಬರೆಯಲಿಲ್ಲ. ಉಳಿದ ಗಿಡಗಳಿಗೆಲ್ಲ ಒಂದೂವರೆ ಅಡಿ ಎತ್ತರಕ್ಕೆ ಸುತ್ತ ಮಣ್ಣು ಏರಿಸಿ ದಿಬ್ಬ ಮಾಡಿದೆವು. ಕಾಂಡದ ಹತ್ತಿರ ಮಾತ್ರ ಮಣ್ಣು ಏರದಂತೆ, ನೀರೂ ನಿಲ್ಲದಂತೆ ಕೆಳಗಡೆ ಕಾಲುವೆ ತೋಡಿದೆವು. ಬುಡಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಪೇಸ್ಟ್ ಬಳಿದೆವು. ಈಗ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಸೇಬಿಗೆ ನಮ್ಮ ಬಿಸಿಲಿಗಿಂತ ನಿಂತ ನೀರು ಕೆಟ್ಟದ್ದು.

ಎಲೆ ಕೀಳುವ ಕೆಲಸ

ಎರಡನೇ ವರ್ಷ ಬಂದ ನಾಲ್ಕಾರು ಹೂವನ್ನು ಕಿತ್ತು ಹಾಕಿದೆ. ಗಿಡ ಮೊದಲು ಬೆಳೆಯಲಿ ಅಂತ. ಕೊಂಬೆಗಳನ್ನು ಸೆಣಬಿನ ದಾರದಲ್ಲಿ ಅಡ್ಡಕ್ಕೆ ಬಗ್ಗಿಸಿ ಗೂಟಕ್ಕೆ ಕಟ್ಟಿದೆ. ನೆಟ್ಟಗೆ ನಿಂತ ಕೊಂಬೆಯಲ್ಲಿ ತುದಿ ಮೊಗ್ಗೇ ಯಜಮಾನ, ಉಳಿದವನ್ನು ಏಳೋದಕ್ಕೆ ಬಿಡಲ್ಲ. ಬಗ್ಗಿಸಿದರೆ ಆ ಹಿಡಿತ ಸಡಿಲ ಆಗುತ್ತದೆ.

2022ರ ನವೆಂಬರ್ ಕೊನೆಗೆ ಡ್ರಿಪ್ ನಿಲ್ಲಿಸಿದೆ. ಮೂರು ವಾರ ಒಣಗಿಸಿ ಎಲೆ ಕೀಳುವ ಯೋಚನೆ. ಅಷ್ಟರಲ್ಲಿ ಮಾಂಡೌಸ್ ಚಂಡಮಾರುತ ಬಂತು. ಡಿಸೆಂಬರ್ 9ರ ರಾತ್ರಿ ತಮಿಳುನಾಡಿನ ತೀರ ದಾಟಿತು, ನಮ್ಮಲ್ಲಿ ನಾಲ್ಕು ದಿನ ಜಡಿಮಳೆ, ಮೈ ನಡುಗಿಸುವ ಶೀತಗಾಳಿ. ಮಣ್ಣು ಮತ್ತೆ ಒದ್ದೆ. ಕಾದು, 20ನೇ ತಾರೀಕು ಕೆಲಸ ಶುರು ಮಾಡಿದೆವು. ಪ್ರತಿ ತಳಿಯಲ್ಲೂ ಅರ್ಧ ಗಿಡಗಳ ಎಲೆ ಪೂರ್ತಿ ತೆಗೆಯುವುದು, ಇನ್ನರ್ಧವನ್ನು ಮುಟ್ಟದೆ ಬಿಡುವುದು.

ಎಲೆ ಕೀಳೋದು ಸುಲಭ ಅನ್ನಿಸುತ್ತೆ, ಅಲ್ಲ. ಮೊದಲ ಗಿಡದಲ್ಲಿ ಕರಿಬೇವು ಬಿಡಿಸುವ ಹಾಗೆ ಮೇಲಿಂದ ಕೆಳಕ್ಕೆ ಎಳೆದೆವು. ಎಲೆಯ ತೊಟ್ಟಿನ ಜೊತೆ ತೊಗಟೆಯ ಸಣ್ಣ ಸೀಳು ಕಿತ್ತು ಬಂತು. ತೊಟ್ಟಿನ ಕಂಕುಳಲ್ಲಿ ಕೂತಿರುವ ಮೊಗ್ಗು ಅಕ್ಕಿ ಕಾಳಿನಷ್ಟೇ ದೊಡ್ಡದು, ಬೂದು ಬಣ್ಣ, ಮೇಲೆ ಸಣ್ಣ ನವಿರು. ಅದರ ಬುಡವೇ ಗಾಯ ಆಯ್ತು. ಅಮ್ಮ ಹೊಲಿಗೆ ಕತ್ತರಿ ತಂದು ಬೇರೆ ದಾರಿ ತೋರಿಸಿದಳು. ಎಲೆಯನ್ನು ಮಾತ್ರ ಕತ್ತರಿಸಿ ತೊಟ್ಟು ಅರ್ಧ ಉಳಿಸುವುದು. ಆ ತುಂಡು ಐದಾರು ದಿನಕ್ಕೆ ಹಳದಿಯಾಗಿ, ಬೆರಳು ತಾಗಿಸಿದರೆ ಸಾಕು ಕಳಚಿ ಬೀಳುತ್ತದೆ. ಮೊಗ್ಗಿಗೆ ಒಂದು ಗೀರೂ ಆಗಲ್ಲ. ನಿಧಾನದ ಕೆಲಸ, ಒಂದು ಗಿಡಕ್ಕೆ ಒಂದೂವರೆ ಗಂಟೆ ಹಿಡಿಯಿತು. ಇವತ್ತಿಗೂ ಹೀಗೇ ಮಾಡುತ್ತೇವೆ.

ಮೊಗ್ಗು ಒಡೆಸೋದಕ್ಕೆ ದ್ರಾಕ್ಷಿಗೆ ಹಚ್ಚುವ ಹೈಡ್ರೋಜನ್ ಸೈನಮೈಡ್ ಔಷಧಿ ಯಾಕೆ ಬಳಸಲಿಲ್ಲ ಅಂತ ಕೇಳುತ್ತಾರೆ. ಅದು ಕೆಲಸ ಮಾಡುತ್ತೆ, ಗೊತ್ತು. ಆದರೆ ಚರ್ಮಕ್ಕೆ ತಾಗಿದರೆ ಸುಡುತ್ತದೆ. ಹಚ್ಚಿದ ದಿನ ಮದ್ಯ ಕುಡಿದರಂತೂ ಆರೋಗ್ಯ ಬಹಳ ಕೆಡುತ್ತದೆ. ಇಪ್ಪತ್ತು ಗಿಡಕ್ಕೆ ಅದನ್ನು ತರುವುದು ನನಗೆ ಬೇಡ ಅನ್ನಿಸಿತು. ತಳಿಯ ಗುಣ ನೋಡಬೇಕು ಅಂತ ಹೊರಟವನಿಗೆ ಔಷಧಿಯ ಗುಣ ಕಾಣಬಾರದು.

ಮೊಗ್ಗಿನ ಲೆಕ್ಕ

ನಾನು ಇಡೀ ಪ್ರಯೋಗದಲ್ಲಿ ಕಲಿತ ಮುಖ್ಯ ಪಾಠ ಇಲ್ಲಿದೆ. ಮೊದಲ ವರ್ಷಗಳಲ್ಲಿ ತಳಿಯನ್ನು ಹಣ್ಣಿನಿಂದ ಅಳೆಯಬೇಡಿ. ಮೊಗ್ಗಿನಿಂದ ಅಳೆಯಿರಿ.

ಪ್ರತಿ ಗಿಡದಲ್ಲೂ ಪೆನ್ಸಿಲ್ ದಪ್ಪದ ಒಂದು ಕೊಂಬೆ ಆರಿಸಿ, ತುದಿಯಿಂದ 20 ಮೊಗ್ಗು ಎಣಿಸಿ, ಅಲ್ಲಿಗೆ ಕೆಂಪು ದಾರ ಕಟ್ಟಿದೆ. ಎಲೆ ತೆಗೆದು ಐದು ದಿನಕ್ಕೆ ತುದಿಗಳನ್ನು ಸ್ವಲ್ಪ ಸವರಿ, ಗೊಬ್ಬರ ಕೊಟ್ಟು ನೀರು ಬಿಟ್ಟೆವು. ಮೂವತ್ತು ದಿನದ ಮೇಲೆ 20ರಲ್ಲಿ ಎಷ್ಟು ಒಡೆದಿವೆ ಅಂತ ಎಣಿಸಿದೆ. ಅನ್ನಾದಲ್ಲಿ ಎಲೆ ತೆಗೆದ ಗಿಡಗಳಲ್ಲಿ 13-14, ಮುಟ್ಟದ ಗಿಡಗಳಲ್ಲಿ 5-6. ಡಾರ್ಸೆಟ್ಟಿನಲ್ಲೂ ಬಹುತೇಕ ಹಾಗೇ. ಎಚ್‌ಆರ್‌ಎಂಎನ್‌ನಲ್ಲಿ ತೆಗೆದದ್ದರಲ್ಲಿ 9-10, ಮುಟ್ಟದ್ದರಲ್ಲಿ 4. ರೆಡ್ ಡೆಲಿಷಿಯಸ್‌ನಲ್ಲಿ ಎಲೆ ತೆಗೆದರೂ ಬಿಟ್ಟರೂ ಎರಡೇ. ತುದಿಯದ್ದು ಮತ್ತು ಅದರ ಪಕ್ಕದ್ದು.

ರೆಡ್ ಡೆಲಿಷಿಯಸ್ ಗಿಡ ನೋಡಿದರೆ ಸಂಕಟ ಆಗುತ್ತಿತ್ತು. ಎರಡು ಮೂರು ಅಡಿ ಕೊಂಬೆ ಪೂರ್ತಿ ಬೋಳು, ತುದಿಯಲ್ಲಿ ಮಾತ್ರ ಒಂದು ಹಿಡಿ ಎಲೆ, ಪೊರಕೆಯನ್ನು ತಲೆಕೆಳಗು ಮಾಡಿ ನೆಟ್ಟ ಹಾಗೆ. ಚಳಿ ಸಾಲದ ಗಿಡ ಅಂದರೆ ಇದು. ಅದು ಸಾಯಲ್ಲ, ಪೂರ್ತಿ ಎಚ್ಚರವೂ ಆಗಲ್ಲ. ಎಲೆ ಕಡಿಮೆ, ಹಾಗಾಗಿ ಊಟ ಕಡಿಮೆ, ಮುಂದಿನ ವರ್ಷದ ಮೊಗ್ಗು ಇನ್ನೂ ಬಡಕಲು. ವರ್ಷ ವರ್ಷ ಕುಸಿಯುತ್ತದೆ. ಇಂಥ ಗಿಡವೂ ತುದಿಯಲ್ಲಿ ಒಂದೆರಡು ಹೂವು ಬಿಟ್ಟು ಒಂದು ಹಣ್ಣು ಕಟ್ಟಬಹುದು. ಫೋಟೊದಲ್ಲಿ ಆ ಹಣ್ಣು ಕಾಣುತ್ತದೆ, ಬೋಳು ಕೊಂಬೆ ಕಾಣಲ್ಲ.

ಆ ಮಾಗಿಯಲ್ಲಿ ಬಿಳಿ ಬಣ್ಣದ ಮರದ ಪೆಟ್ಟಿಗೆಯಲ್ಲಿ ಉಷ್ಣಮಾಪಕ ಇಟ್ಟಿದ್ದೆ, ಕಾಲು ಗಂಟೆಗೊಮ್ಮೆ ತಾನೇ ಬರೆದುಕೊಳ್ಳುವಂಥದ್ದು. ಅತಿ ಕಡಿಮೆ 10.4 ಡಿಗ್ರಿ. 7.2ರ ಕೆಳಗೆ ಒಂದು ನಿಮಿಷವೂ ಇಲ್ಲ. ಯೂಟಾ ಲೆಕ್ಕ ಅಂತ ಇನ್ನೊಂದಿದೆ. ಅದರಲ್ಲಿ 9.2ರಿಂದ 12.4 ಡಿಗ್ರಿಯ ಗಂಟೆಗೂ ಅರ್ಧ ಅಂಕ ಸಿಗುತ್ತದೆ. ಆದರೆ 16 ದಾಟಿದ ಗಂಟೆಗೆ ಅಂಕ ಕಳೆಯುತ್ತಾರೆ. ನಮ್ಮ ರಾತ್ರಿ ಕೂಡಿಸಿದ್ದನ್ನು ನಮ್ಮ ಮಧ್ಯಾಹ್ನ ಪೂರ್ತಿ ತಿಂದು ಹಾಕುತ್ತದೆ. ಹಾಗಾಗಿ ನಮ್ಮ ಹವೆಗೆ ಯಾವ ಗಂಟೆ ಲೆಕ್ಕವೂ ಉತ್ತರ ಕೊಡಲ್ಲ. ಕೆಂಪು ದಾರ ಕೊಡುತ್ತದೆ.

ಹೂವು, ಹಣ್ಣು

ಸಂಕ್ರಾಂತಿ ಕಳೆದು ವಾರಕ್ಕೆ ಹೂವು. ಮೊಗ್ಗು ಗಾಢ ಗುಲಾಬಿ, ಅರಳಿದ ಮೇಲೆ ಬಿಳಿ. ಒಂದು ಗೊಂಚಲಲ್ಲಿ ಐದು ಹೂವಿದ್ದರೆ ಮೊದಲು ಅರಳುವುದು ನಡುವಿನದು, ಹಣ್ಣು ದೊಡ್ಡದಾಗುವುದೂ ಅದರದ್ದೇ. ಅನ್ನಾಗೆ ತನ್ನ ಪರಾಗವೇ ಸಾಲಲ್ಲ, ಜೊತೆಗೆ ಡಾರ್ಸೆಟ್ ಇರಬೇಕು. ಎರಡೂ ನಾಲ್ಕು ದಿನದ ಅಂತರದಲ್ಲಿ ಅರಳಿದವು, ಸಮಾಧಾನ ಆಯ್ತು. ನಮ್ಮದೇ ಎರಡು ತುಡುವೆ ಜೇನು ಪೆಟ್ಟಿಗೆ ಇದ್ದವು. ಆ ಹದಿನೈದು ದಿನ ತೋಟಕ್ಕೆ ಯಾವ ಔಷಧಿಯನ್ನೂ ತರಲಿಲ್ಲ.

ಕಾಯಿ ಗೋಲಿಯಷ್ಟಾದಾಗ ಗೊಂಚಲಿಗೆ ಒಂದೇ ಬಿಟ್ಟು ಉಳಿದದ್ದು ಕಿತ್ತೆವು. ದ್ರಾಕ್ಷಿಯಲ್ಲಿ ಕಾಳು ಬಿಡಿಸಿ ಅಭ್ಯಾಸ ಇದ್ದುದರಿಂದ ಕೈ ಹಿಂಜರಿಯಲಿಲ್ಲ.

ಮೇ ತಿಂಗಳಲ್ಲಿ ಒಂದು ವಿಷಯ ಬಯಲಾಯಿತು. 'ಡಾರ್ಸೆಟ್' ಅಂತ ಚೀಟಿ ಇದ್ದ ಎರಡು ಗಿಡದಲ್ಲಿ ಹಣ್ಣು ಉದ್ದಕ್ಕೆ ಬಂತು. ತಳದಲ್ಲಿ ಐದು ಉಬ್ಬು, ಒಂದು ಕೆನ್ನೆಗೆ ಕೆಂಪು. ಅದು ಅನ್ನಾ! ಡಾರ್ಸೆಟ್ ಇಷ್ಟು ಉದ್ದ ಅಲ್ಲ, ದುಂಡಗೆ, ಹಳದಿಗೆ. ನರ್ಸರಿಯವರಿಗೆ ಫೋಟೊ ಕಳಿಸಿದೆ. "ಲೋಡ್ ಮಾಡುವಾಗ ಬೆರೆತಿರಬಹುದು" ಅಂದರು, ಅಷ್ಟಕ್ಕೇ ಮುಗಿಸಿದರು. ನಿಜ ಹೇಳ್ತೀನಿ, ಬಹಳ ಬೇಜಾರಾಯಿತು. ಎರಡು ವರ್ಷದ ಲೆಕ್ಕ ತಿದ್ದಬೇಕಾಯಿತು. ಎರಡು ಎಕರೆಗೆ ತಂದವರ ಗತಿ ಏನು? ಅನ್ನಾ ಮಾತ್ರ ಇದ್ದು ಡಾರ್ಸೆಟ್ ಇಲ್ಲದಿದ್ದರೆ ಹೂವು ತುಂಬಿದರೂ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ಹಾಗಾಗಿ ಯಾರಾದರೂ ತಳಿ ಹೆಸರು ಹೇಳಿದರೆ ನಾನೀಗ ಹಣ್ಣು ತೋರಿಸಿ ಅನ್ನುತ್ತೇನೆ.

ಹಣ್ಣಾಗಿದೆಯಾ ಅಂತ ನೋಡೋದು ಹೇಗೆ? ಬಣ್ಣ ನಂಬುವ ಹಾಗಿಲ್ಲ. ಕೆಂಪು ಬರೋದಕ್ಕೆ ತಂಪು ರಾತ್ರಿ ಬೇಕು, ನಮ್ಮ ಮೇ ತಿಂಗಳಲ್ಲಿ ಅದಿಲ್ಲ. ಕೆಂಪಾಗಲಿ ಅಂತ ಕಾದರೆ ಹಣ್ಣು ಗಿಡದಲ್ಲೇ ಮೆತ್ತಗಾಗುತ್ತದೆ. ಅಯೋಡಿನ್ ಪರೀಕ್ಷೆ ಮಾಡಿದೆ. ಹಣ್ಣನ್ನು ಅಡ್ಡಕ್ಕೆ ಕೊಯ್ದು, ಕೊಯ್ದ ಮುಖವನ್ನು ತಟ್ಟೆಯಲ್ಲಿನ ಅಯೋಡಿನ್ ನೀರಿಗೆ ಒಂದು ನಿಮಿಷ ಅದ್ದಿಟ್ಟೆ. ಪಿಷ್ಟ ಇರುವಲ್ಲಿ ಕಪ್ಪು ನೀಲಿ, ಸಕ್ಕರೆಯಾದಲ್ಲಿ ಬಿಳಿ. ಮೊದಲ ವಾರದ ಹಣ್ಣು ಪೂರ್ತಿ ಮಸಿ. ಹತ್ತು ದಿನದ ಮೇಲೆ ಕೊಯ್ದದ್ದರಲ್ಲಿ ಬೀಜದ ಸುತ್ತ ಐದು ಎಸಳಿನ ಬಿಳಿ ಹೂವು ಮೂಡಿ, ಅದರಾಚೆ ಕಪ್ಪು ಉಂಗುರ. ಅಮ್ಮ ಅದನ್ನು ನೋಡಿ "ರಂಗೋಲಿ ಇದ್ದಂಗಿದೆ" ಅಂದಳು. ಬಿಳಿ ಅರ್ಧ ದಾಟಿದಾಗ ಕೊಯ್ಲು ಅಂತ ನಿರ್ಧಾರ ಮಾಡಿದೆವು. ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ ದ್ರಾಕ್ಷಿಯವರ ಮನೆಯಲ್ಲಿ ಇದ್ದೇ ಇರುತ್ತೆ. ಅನ್ನಾ 12, ಎಚ್‌ಆರ್‌ಎಂಎನ್ 13, ಡಾರ್ಸೆಟ್ 14.

ತಿಂದು ನೋಡಿದರೆ ಕೊಯ್ದ ದಿನ ಅನ್ನಾ ಬಹಳ ಚೆನ್ನಾಗಿರುತ್ತದೆ. ಹುಳಿ ಸಿಹಿ ಎರಡೂ ಇದೆ, ರಸ ತುಂಬಾ. ಆದರೆ ಹೊರಗಿಟ್ಟರೆ ಎಂಟನೇ ದಿನಕ್ಕೆ ಹಿಟ್ಟು ಹಿಟ್ಟು. ಡಾರ್ಸೆಟ್ ಸ್ವಲ್ಪ ಸಣ್ಣದು, ಗಟ್ಟಿ. ಎರಡು ವಾರ ತಡೆಯಿತು. ಎಚ್‌ಆರ್‌ಎಂಎನ್ ಸಿಹಿ, ಮೆತ್ತಗೆ. ಮಕ್ಕಳಿಗೆ ಅದೇ ಇಷ್ಟ.

2024ರ ಬೇಸಿಗೆ ಎಲ್ಲರನ್ನೂ ಸುಟ್ಟಿತು. ಏಪ್ರಿಲಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಹಣ್ಣುಗಳ ಮೇಲೆ ಮೊದಲು ಬಿಳಚಿದ ಮಚ್ಚೆ, ಆಮೇಲೆ ಕಂದು, ಆಮೇಲೆ ಅದೇ ಜಾಗದಿಂದ ಕೊಳೆತ. ಡಾರ್ಸೆಟ್ಟಿಗೆ ಜಾಸ್ತಿ ಪೆಟ್ಟು. ಎಚ್‌ಆರ್‌ಎಂಎನ್ ಎಲೆ ಮಾತ್ರ ಮಧ್ಯಾಹ್ನ ಎರಡು ಗಂಟೆಗೂ ಬಾಡಿರಲಿಲ್ಲ. ಬಿಸಿಲು ತಡೆಯುವ ತಳಿ ಅಂತ ಅದಕ್ಕಿರುವ ಹೆಸರು ಸುಳ್ಳಲ್ಲ. ಹಳೆಯ ಕಲ್ಲುಕಂಬಗಳಿಗೆ ತಂತಿ ಎಳೆದು ಪಶ್ಚಿಮದ ಕಡೆ ನೆರಳು ಬಲೆ ಕಟ್ಟಿದೆವು. ಮುಂದಿನ ವರ್ಷ ಅದೇ ಕಂಬಗಳ ಮೇಲೆ ಗಿಳಿ ಬಲೆಯೂ ಬಂತು. ಭರಣಿ ಮಳೆಯ ಜೊತೆ ಬಿದ್ದ ಆಲಿಕಲ್ಲನ್ನೂ ಆ ಬಲೆಯೇ ತಡೆಯಿತು. ದ್ರಾಕ್ಷಿ ಚಪ್ಪರ ಕಿತ್ತವರು ದಯವಿಟ್ಟು ಕಲ್ಲು ಮಾರಬೇಡಿ.

ಉಣ್ಣೆ ಹೇನು ಬಂದಿದ್ದು ಎಚ್‌ಆರ್‌ಎಂಎನ್ ಗಿಡಗಳಿಗೆ. ಕೊಂಬೆಯ ಕವಲಲ್ಲಿ ಹತ್ತಿಯ ಹಾಗೆ ಬಿಳಿ, ಬೆರಳಲ್ಲಿ ಹಿಸುಕಿದರೆ ರಕ್ತದ ಹಾಗೆ ಕೆಂಪು ಕಲೆ. ಬುಡ ಕೆದಕಿದರೆ ಬೇರಲ್ಲೂ ಗಂಟುಗಳು. ಅವು ಬೀಜದ ಬೇರುಸಸಿ ಮೇಲೆ ಕಸಿ ಮಾಡಿದ ಗಿಡಗಳು. ಅನ್ನಾ, ಡಾರ್ಸೆಟ್ ಬಂದಿದ್ದು ಎಂಎಂ-111 ಎಂಬ ಬೇರುಸಸಿ ಮೇಲೆ, ಅವುಗಳ ಬೇರು ಚೊಕ್ಕ. ಎಂಎಂ ಬೇರುಸಸಿಗಳನ್ನು ಇಂಗ್ಲೆಂಡಿನಲ್ಲಿ ಅಭಿವೃದ್ಧಿ ಮಾಡಿದ್ದೇ ಈ ಹೇನು ತಡೆಯೋದಕ್ಕೆ. ಹಾಗಾಗಿ ಇಲ್ಲೂ 'ತಳಿ' ಅಂತ ಬರೆಯಲಿಲ್ಲ, 'ಬೇರುಸಸಿ' ಅಂತ ಬರೆದೆ. ಎಚ್‌ಆರ್‌ಎಂಎನ್‌ಗೆ ನನ್ನ ತೋಟದಲ್ಲಿ ಸರಿಯಾದ ಪರೀಕ್ಷೆ ಇನ್ನೂ ಆಗಿಲ್ಲ. ಅದೇ ಎಂಎಂ-111 ಮೇಲೆ ಕಟ್ಟಿದ ನಾಲ್ಕು ಗಿಡ ಬರುವ ಜನವರಿಗೆ ಬೇಕು ಅಂತ ಹೇಳಿಟ್ಟಿದ್ದೇನೆ.

ಈ ವರ್ಷದ ಕೆಲಸ

ಮೂರು ಮಾಗಿಯ ಮೊಗ್ಗಿನ ಲೆಕ್ಕ ಪಕ್ಕ ಪಕ್ಕ ಇಟ್ಟು ನೋಡಿದರೆ ಅನ್ನಾ, ಡಾರ್ಸೆಟ್ ಎರಡೂ ಎಲೆ ತೆಗೆದ ಗಿಡಗಳಲ್ಲಿ ಪ್ರತಿ ವರ್ಷ 20ಕ್ಕೆ 12ರ ಮೇಲೇ ಇವೆ. ಎಲೆ ತೆಗೆಯದ ಗಿಡಗಳು ಮೂರನೇ ವರ್ಷಕ್ಕೆ 4ಕ್ಕೆ ಇಳಿದಿವೆ, ಕೊಂಬೆಗಳು ಬೋಳಾಗುತ್ತಿವೆ. ಅವುಗಳನ್ನು ಹಾಗೇ ಬಿಡುವುದು ಇನ್ನು ಬೇಡ ಅಂತ ಮಾಡಿದ್ದೇನೆ. ಈ ಸಲ ಎಲ್ಲಕ್ಕೂ ಕತ್ತರಿ. ಮನೆ ಬಳಕೆಗೆ ನಾಲ್ಕು ಗಿಡ ಹಾಕುವವರಿಗೆ ಎರಡು ಅನ್ನಾ, ಎರಡು ಡಾರ್ಸೆಟ್ ಅಂತ ಧೈರ್ಯವಾಗಿ ಹೇಳುತ್ತೇನೆ, ಡಿಸೆಂಬರಲ್ಲಿ ಎಲೆ ತೆಗೆಯುವ ತಾಳ್ಮೆ ಇದ್ದರೆ. ಎಕರೆ ಲೆಕ್ಕದಲ್ಲಿ ನೆಡುವವರಿಗೆ ಇನ್ನೂ ಹೇಳಲ್ಲ. ಎಂಟು ದಿನಕ್ಕೆ ಹಿಟ್ಟಾಗುವ ಹಣ್ಣನ್ನು ಮಾರುಕಟ್ಟೆಯಲ್ಲಿ ಯಾರು ಕೊಳ್ಳುತ್ತಾರೆ ಅನ್ನೋದಕ್ಕೆ ನನ್ನ ತೋಟ ಉತ್ತರ ಕೊಟ್ಟಿಲ್ಲ.

ಮೂರು ರೆಡ್ ಡೆಲಿಷಿಯಸ್ ಗಿಡಗಳನ್ನು ಕಡಿದು ಎಸೆಯುವುದಿಲ್ಲ. ಬೇರು ಚೆನ್ನಾಗಿದೆ. ಎಲೆ ಕೀಳುವ ದಿನವೇ ಮೊಣಕಾಲೆತ್ತರಕ್ಕೆ ಕುಯ್ದು ಡಾರ್ಸೆಟ್ ಕಸಿ ಕಟ್ಟುತ್ತೇನೆ. ಕಸಿಕಡ್ಡಿ 11ನೇ ನಂಬರಿನ ಗಿಡದಿಂದ. ಹಣ್ಣು ನೋಡಿ ಖಾತ್ರಿ ಮಾಡಿಕೊಂಡ ಡಾರ್ಸೆಟ್ ಅದು, ಮೂರು ವರ್ಷವೂ ಕೆಂಪು ದಾರದಲ್ಲಿ ಮೊದಲ ಸ್ಥಾನ ಅದರದ್ದೇ. ಡ್ರಿಪ್ ನಿನ್ನೆ ನಿಲ್ಲಿಸಿದೆ. ಅಮ್ಮನ ಕತ್ತರಿಗೆ ಸಾಣೆ ಹಿಡಿಸಿ ತರಬೇಕು.